ಜಗಲಿ, ಜಾಲಂಧ್ರ, ದರ್ಶಿನಿ: ದಿನ ನೋಡುವ ಜಾಗಗಳಿಂದ ವಿನ್ಯಾಸದ ಸ್ಫೂರ್ತಿ ಪಡೆಯುವ ಬಗೆ

ಇಳಕಲ್ ಸೀರೆಯ ಮೇಲಿನ ಕಸೂತಿಯನ್ನು ಹತ್ತಿರದಿಂದ ನೋಡಿದ್ದೀರಾ? ಅದರಲ್ಲಿ ಗೋಪುರ ಇದೆ, ತೇರು ಇದೆ, ತುಳಸಿಕಟ್ಟೆ ಇದೆ, ಆನೆ, ನವಿಲು ಇವೆ. ಧಾರವಾಡದ ಕಡೆಯ ಹೆಣ್ಣುಮಕ್ಕಳು ಗುಡಿಗೆ ಹೋಗಿಬಂದು, ಜಾತ್ರೆಯಲ್ಲಿ ತೇರು ನೋಡಿಬಂದು, ಹಿತ್ತಲ ಕಟ್ಟೆಗೆ ನೀರೆರೆದು, ಕಂಡದ್ದನ್ನೆಲ್ಲ ಬಟ್ಟೆಗೆ ಇಳಿಸಿದರು. ಕಸೂತಿಗೆ ಮೊದಲೇ ಗುರುತು ಹಾಕಿಕೊಳ್ಳುವ ಪದ್ಧತಿ ಇಲ್ಲ, ಬಟ್ಟೆಯ ಎಳೆ ಎಣಿಸಿಕೊಂಡೇ ಹೊಲಿಗೆ. ಸೂಜಿ ನೇರ ಹೋಗುತ್ತದೆ, ಅಡ್ಡ ಹೋಗುತ್ತದೆ, ಓರೆ ಹೋಗುತ್ತದೆ. ಬಾಗಿ ಹೋಗುವುದಿಲ್ಲ. ಹಾಗಾಗಿ ಕಲ್ಲಿನ ಗೋಪುರ ಮೆಟ್ಟಿಲು ಮೆಟ್ಟಿಲಾಗಿ ಬಟ್ಟೆಯ ಮೇಲೆ ಏರಿತು, ತೇರಿನ ಗಾಲಿ ಎಂಟು ಮೂಲೆಯದಾಯಿತು. ಗಂಟು ಹಾಕದೆ ಹೊಲಿಯುವ ಗವಂತಿ, ಮುರಗಿ ಹೊಲಿಗೆಗಳಂತೂ ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣುತ್ತವೆ.

ಸುತ್ತಲಿನ ಕಟ್ಟಡದಿಂದ ಸ್ಫೂರ್ತಿ ಪಡೆಯುವುದು ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಕಸೂತಿಯನ್ನೇ. ಕಣ್ಣಾರೆ ಕಂಡದ್ದು, ಮನಸ್ಸಿನಲ್ಲಿ ಸೋಸಿಕೊಂಡದ್ದು, ತಮ್ಮ ಕೈಯಲ್ಲಿದ್ದ ಸಾಮಗ್ರಿಯ ಮಿತಿಗೆ ಒಗ್ಗಿಸಿದ್ದು, ಈ ಮೂರೂ ಅಲ್ಲಿವೆ.

ನಾನು ಮನೆಗಳ ಒಳಾಂಗಣ ಕೆಲಸ ಮಾಡುವವಳು. ಮನೆ ಮಾಡಿಸುವವರು ಮೊದಲ ಭೇಟಿಗೇ ಫೋನಿನಲ್ಲಿ ನೂರಾರು ಚಿತ್ರ ಸೇರಿಸಿಕೊಂಡು ಬರುತ್ತಾರೆ. ಯಾವುದೋ ದೇಶದ, ಯಾವುದೋ ಹವೆಯ ಕೋಣೆಗಳು. ಅವುಗಳಲ್ಲಿ ಒಂದರ ಬಾಗಿಲು ಎಷ್ಟು ಅಗಲ, ಬೆಳಕು ಯಾವ ದಿಕ್ಕಿನದು, ಕೂತವರ ಬೆನ್ನಿಗೆ ಆಧಾರ ಇದೆಯೋ ಇಲ್ಲವೋ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಅದೇ ಜನ ದಿನಾ ಬೆಳಗ್ಗೆ ಕಾಫಿ ಕುಡಿಯುವ ಜಾಗದ ಬಗ್ಗೆ ಕೇಳಿ ನೋಡಿ, ಅರ್ಧ ಗಂಟೆ ಮಾತಾಡುತ್ತಾರೆ. ಆ ಅರಿವು ಮೈಯಲ್ಲಿ ಆಗಲೇ ಕೂತಿದೆ. ಅದನ್ನು ಕಾಗದಕ್ಕೆ, ಕಾಗದದಿಂದ ಕೆಲಸಕ್ಕೆ ತರುವ ದಾರಿಯನ್ನು ನಾನು ಮಾಡುವ ಕ್ರಮದಲ್ಲೇ ಹೇಳುತ್ತೇನೆ. ಮನೆ ಕಟ್ಟಿಸುವವರಿಗೆ, ಡಿಸೈನ್ ಕಲಿಯುವ ಮಕ್ಕಳಿಗೆ, ಬಟ್ಟೆಗೋ ಪುಸ್ತಕಕ್ಕೋ ಅಂಗಡಿಯ ಬೋರ್ಡಿಗೋ ವಿನ್ಯಾಸ ಮಾಡುವವರಿಗೆ, ಎಲ್ಲರಿಗೂ ಇದು ಒಪ್ಪುತ್ತದೆ.

ಹಂತ 1: ಹೊರಡುವ ಮುಂಚೆ ಒಂದು ಪ್ರಶ್ನೆ ಬರೆದುಕೊಳ್ಳಿ

"ಸ್ಫೂರ್ತಿ ಹುಡುಕಬೇಕು" ಎಂದು ಹೊರಟರೆ ಏನೂ ಸಿಗುವುದಿಲ್ಲ, ಇಲ್ಲವೇ ಎಲ್ಲವೂ ಸಿಕ್ಕಿಬಿಡುತ್ತದೆ. ಎರಡರಿಂದಲೂ ಉಪಯೋಗವಿಲ್ಲ. ನೋಟ್‌ಬುಕ್ಕಿನ ಮೇಲ್ತುದಿಯಲ್ಲಿ ಒಂದೇ ಪ್ರಶ್ನೆ ಬರೆಯಿರಿ. ಪ್ರಶ್ನೆಯಲ್ಲಿ ಕ್ರಿಯಾಪದ ಇರಲಿ. "ಒಳ್ಳೆಯ ಬಾಲ್ಕನಿ" ಎಂದಲ್ಲ, "ಇಬ್ಬರು ಇಳಿಸಂಜೆ ಹೊತ್ತು ಎಲ್ಲಿ ಕೂರುತ್ತಾರೆ?" "ಚೆಂದದ ಕಿಟಕಿ" ಎಂದಲ್ಲ, "ಬಿಸಿಲು ಬರದೆ ಬೆಳಕು ಹೇಗೆ ಬರುತ್ತದೆ?" ಪುಸ್ತಕದ ಮುಖಪುಟ ಮಾಡುವವರಾದರೆ "ದೂರದಿಂದ ಕಣ್ಣು ಎಲ್ಲಿ ಮೊದಲು ನಿಲ್ಲುತ್ತದೆ?" ಎಂದು ಕೇಳಿಕೊಳ್ಳಬಹುದು. ಒಂದು ಸುತ್ತಾಟಕ್ಕೆ ಒಂದು ಪ್ರಶ್ನೆ ಸಾಕು.

ಹಂತ 2: ಹತ್ತಿರದ, ಸಣ್ಣ ಜಾಗ ಆರಿಸಿಕೊಳ್ಳಿ

ಹಂಪಿಗೆ ಹೋಗಬೇಕಿಲ್ಲ. ಹೋದರೆ ಸಂತೋಷ, ಆದರೆ ಮೊದಲ ಅಭ್ಯಾಸಕ್ಕೆ ಹಂಪಿ ತೀರ ದೊಡ್ಡದು, ಅದರ ಎದುರು ನಿಂತವರು ಬೆರಗಾಗುತ್ತಾರೆ, ಅಳೆಯುವುದಿಲ್ಲ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಬಸ್ ನಿಲ್ದಾಣ, ಅಶ್ವತ್ಥಕಟ್ಟೆ, ಹಳೆಯ ಪ್ರಾಥಮಿಕ ಶಾಲೆಯ ವರಾಂಡ, ಕಿರಾಣಿ ಅಂಗಡಿ, ಟೈಲರ್ ಅಂಗಡಿ, ಅಜ್ಜಿಯ ಅಡುಗೆಮನೆ, ಇವುಗಳಲ್ಲಿ ಒಂದು ಸಾಕು. ನನಗೆ ತುಂಬಾ ಇಷ್ಟವಾದವು ಕಿರಾಣಿ ಅಂಗಡಿಗಳು. ಹತ್ತಡಿ ಅಗಲದ ಜಾಗದಲ್ಲಿ ನೂರಾರು ಸಾಮಾನು, ಕೂತ ಜಾಗದಿಂದ ಏಳದೆ ಕೈಗೆ ಸಿಗುವಂತೆ ಜೋಡಿಸಿರುತ್ತಾರೆ. ಅಡುಗೆಮನೆಯ ಕಪಾಟು ವಿನ್ಯಾಸ ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಚೀಲದಲ್ಲಿ ಇರಬೇಕಾದ್ದು: ಚೌಕುಳಿ ಗೆರೆಯ ಸಣ್ಣ ನೋಟ್‌ಬುಕ್, ಪೆನ್ಸಿಲ್, ಐದು ಮೀಟರಿನ ಟೇಪು, ಒಂದು ಬಿಳಿ ಹಾಳೆ (ಯಾಕೆಂದು ಮುಂದೆ ಹೇಳುತ್ತೇನೆ), ಫೋನು.

ಹಂತ 3: ಫೋನ್ ತೆಗೆಯುವ ಮುಂಚೆ ಇಪ್ಪತ್ತು ನಿಮಿಷ ಕೂತು ನೋಡಿ

ಹೊಸಬರಿಗೆ ಅತಿ ಕಷ್ಟವಾಗುವ ಹಂತ ಇದು. ನಾನು ಇದನ್ನು ಯಾವತ್ತೂ ಬಿಟ್ಟುಕೊಡುವುದಿಲ್ಲ. ಮೊದಲ ಐದು ನಿಮಿಷದಲ್ಲಿ ಕಣ್ಣಿಗೆ ಬೀಳುವುದು ಅಲಂಕಾರ. ಆಮೇಲೆ ಜನ ಕಾಣತೊಡಗುತ್ತಾರೆ. ಹದಿನೈದು ನಿಮಿಷ ದಾಟಿದ ಮೇಲೆ ಜಾಗ ಜನರಿಂದ ಏನು ಮಾಡಿಸುತ್ತಿದೆ ಎಂಬುದು ತಿಳಿಯುತ್ತದೆ.

ಬೆಂಗಳೂರಿನ ಯಾವುದಾದರೂ ದರ್ಶಿನಿಗೆ ಬೆಳಗ್ಗೆ ಎಂಟೂವರೆಗೆ ಹೋಗಿ, ಕಾಫಿ ಹಿಡಿದು ಒಂದು ಮೂಲೆಗೆ ನಿಲ್ಲಿ. 1980ರ ದಶಕದಲ್ಲಿ ಈ ಊರಿನಲ್ಲಿ ಶುರುವಾದ ಈ ನಿಂತು ತಿನ್ನುವ ಹೋಟೆಲುಗಳನ್ನು ನಾನು ನಮ್ಮ ಕಾಲದ ಅತ್ಯುತ್ತಮ ಒಳಾಂಗಣ ವಿನ್ಯಾಸಗಳಲ್ಲಿ ಒಂದೆಂದು ನಂಬಿದ್ದೇನೆ. ದುಡ್ಡು ಕೊಡುವ ಕೌಂಟರು ಬಾಗಿಲ ಹತ್ತಿರ ಇರುತ್ತದೆ. ಚೀಟಿ ಹಿಡಿದು ಮುಂದೆ ಹೋದರೆ ತಿಂಡಿಯ ಕಟ್ಟೆ. ಅದರಾಚೆ ದೋಸೆಕಲ್ಲು ಎದುರಿಗೇ ಕಾಣುತ್ತದೆ, ಹಾಗಾಗಿ ಕಾಯುವವರಿಗೆ ಬೇಸರ ಬರುವುದಿಲ್ಲ, ಅಡುಗೆಯ ಶುಚಿಯ ಬಗ್ಗೆ ಅನುಮಾನವೂ ಉಳಿಯುವುದಿಲ್ಲ. ತಟ್ಟೆ ಹಿಡಿದು ತಿರುಗಿದರೆ ಎತ್ತರದ ಮೇಜು, ಕುರ್ಚಿ ಇಲ್ಲ. ತಿಂದು ಮುಗಿಸಿದವರ ಕಾಲು ತಾನಾಗಿ ಕೈ ತೊಳೆಯುವ ಕಡೆಗೆ, ಅಲ್ಲಿಂದ ಹೊರಗೆ. ಬರುವವರೂ ಹೋಗುವವರೂ ಡಿಕ್ಕಿ ಹೊಡೆಯುವುದು ಕಡಿಮೆ.

ಈಗ ಇನ್ನೂ ಸೂಕ್ಷ್ಮವಾಗಿ ನೋಡಿ. ಯಾರೂ ಬಳಸದ ಮೇಜು ಯಾವುದು? ಯಾಕೆ? ಬಿಸಿಲು ನೇರ ಬೀಳುತ್ತದೆಯೋ, ಕೈ ತೊಳೆಯುವ ಜಾಗ ಪಕ್ಕದಲ್ಲಿದೆಯೋ? ಹೆಲ್ಮೆಟ್ ಎಲ್ಲಿ ಇಡುತ್ತಾರೆ? ವಯಸ್ಸಾದವರು ಬಂದರೆ ಎಲ್ಲಿ ಒರಗುತ್ತಾರೆ? ಜನ ಜಾಗವನ್ನು ತಮಗೆ ಬೇಕಾದ ಹಾಗೆ ಬಳಸಿಕೊಂಡ ಗುರುತುಗಳೇ ನಿಮಗೆ ಬೇಕಾದ ಮಾಹಿತಿ: ಮೆಟ್ಟಿಲಿನ ಮೇಲೆ ಕೂತವರು, ಕಂಬಿಗೆ ನೇತುಹಾಕಿದ ಚೀಲ, ಹುಲ್ಲಿನ ನಡುವೆ ಸವೆದ ಕಾಲುದಾರಿ, ಎಣ್ಣೆ ತಲೆ ತಾಗಿ ಕಪ್ಪಾದ ಗೋಡೆ. ಆ ಕಪ್ಪು ಕಲೆಯ ಎತ್ತರ ಬರೆದುಕೊಳ್ಳಿ. ಒರಗುವ ಬೆಂಚಿನ ಬೆನ್ನು ಎಷ್ಟು ಎತ್ತರ ಇರಬೇಕೆಂದು ಅದೇ ಹೇಳುತ್ತದೆ.

ಹಂತ 4: ಮೈಯಿಂದ ಅಳೆಯಿರಿ, ಆಮೇಲೆ ಟೇಪಿನಿಂದ

ಹೂ ಮಾರುವವರು ಇಂದಿಗೂ ಮೊಳದಲ್ಲೇ ಅಳೆಯುತ್ತಾರೆ. ಗೇಣು ಸುಮಾರು 9 ಇಂಚು, ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು, ಅಂದರೆ ಸುಮಾರು 6 ಅಡಿ. ನಿಮ್ಮ ಕೈಯ ಗೇಣು ಎಷ್ಟೆಂದು ಟೇಪಿನಲ್ಲಿ ಒಮ್ಮೆ ಅಳೆದು ನೋಟ್‌ಬುಕ್ಕಿನ ರಟ್ಟಿನ ಒಳಗೆ ಬರೆದಿಟ್ಟುಕೊಳ್ಳಿ. ನನ್ನದು ಎಂಟು ಇಂಚು. ನೆಲದಿಂದ ನಿಮ್ಮ ಮೊಣಕಾಲು, ಸೊಂಟ, ಮೊಣಕೈ, ಕಣ್ಣು ಎಷ್ಟೆತ್ತರ ಎಂಬುದನ್ನೂ ಬರೆಯಿರಿ. ಟೇಪು ತೆಗೆದರೆ ಜನ ಅನುಮಾನದಿಂದ ನೋಡುವ ಕಡೆ ಈ ನಾಲ್ಕು ಅಳತೆ ನಿಮ್ಮ ಕೆಲಸ ಮಾಡಿಕೊಡುತ್ತವೆ.

ಜಗಲಿಯನ್ನೇ ತೆಗೆದುಕೊಳ್ಳಿ. ಹಳೆಯ ಮನೆಯ ಜಗಲಿಯ ಮೇಲೆ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗುತ್ತದೆಯೇ? ತಾಗಿದರೆ ಅದು ಕಾಲು ಇಳಿಬಿಟ್ಟು ಮಾತಾಡುವ ಜಗಲಿ, ಎತ್ತರ ಹದಿನಾರು ಹದಿನೆಂಟು ಇಂಚಿನ ಆಸುಪಾಸು ಇರುತ್ತದೆ. ತಾಗದಿದ್ದರೆ, ಅಗಲವೂ ಜಾಸ್ತಿ ಇದ್ದರೆ, ಅದು ಚಕ್ಕಂಬಕ್ಕಳ ಹಾಕಿ ಕೂರುವ, ಮಧ್ಯಾಹ್ನ ಮಲಗುವ, ಅಡಿಕೆ ಸುಲಿಯುವ ಜಗಲಿ. ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬದುಕಿನಲ್ಲಿ ಎರಡೂ ಬೇರೆ. ಫೋನಿನ ಚಿತ್ರ ನೋಡಿ ಮಾಡಿಸಿದ "ಜಗಲಿ"ಗಳು ಎಷ್ಟೋ ಮನೆಗಳಲ್ಲಿ ಹೂಕುಂಡ ಇಡುವ ಕಟ್ಟೆಯಾಗಿ ಉಳಿದಿರುವುದು ಈ ಎತ್ತರ, ಅಗಲದ ಲೆಕ್ಕ ತಪ್ಪಿದ್ದರಿಂದ.

ಮೆಟ್ಟಿಲಿಗೂ ಒಂದು ಲೆಕ್ಕ ಇದೆ. 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲಾಂಡೆಲ್ ಹೇಳಿದ ಆ ಸೂತ್ರವನ್ನು ಇಂದಿಗೂ ಬಳಸುತ್ತಾರೆ: ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ ಅದರ ಅಗಲ ಕೂಡಿಸಿದರೆ ಸುಮಾರು 24ರಿಂದ 25 ಇಂಚು ಬರಬೇಕು, ಆಗ ಹತ್ತುವ ಹೆಜ್ಜೆ ಸಲೀಸು. ಆರೂವರೆ ಇಂಚು ಎತ್ತರ, ಹನ್ನೊಂದೂವರೆ ಇಂಚು ಅಗಲದ ಮೆಟ್ಟಿಲು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ನಿಮಗೆ ಹಿತವೆನಿಸಿದ ಮೆಟ್ಟಿಲು, ಮಂಡಿ ನೋಯಿಸಿದ ಮೆಟ್ಟಿಲು, ಎರಡನ್ನೂ ಅಳೆದು ಈ ಸೂತ್ರಕ್ಕೆ ಹಾಕಿ ನೋಡಿ. ಹತ್ತು ಮೆಟ್ಟಿಲುಸಾಲು ಅಳೆಯುವಷ್ಟರಲ್ಲಿ ಕಾಲೇ ಇಂಚು ಹೇಳತೊಡಗುತ್ತದೆ.

ದರ್ಶಿನಿಯ ಮೇಜು ಮೊಣಕೈಗೆ ಹತ್ತಿರ ಬರುತ್ತದೆ, ಯಾಕೆಂದರೆ ಅಲ್ಲಿ ತಟ್ಟೆಯಿಂದ ಬಾಯಿಗಷ್ಟೇ ಕೆಲಸ. ಅಡುಗೆಕಟ್ಟೆ ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗಿರಬೇಕು, ಅಲ್ಲಿ ಕೈ ಒತ್ತಿ ಹೆಚ್ಚಬೇಕು, ಲಟ್ಟಿಸಬೇಕು. ಅಡುಗೆ ಮಾಡುವವರ ಮೊಣಕೈ ಅಳೆಯದೆ ಕಟ್ಟೆ ಕಟ್ಟಿಸಬೇಡಿ ಎಂದು ನಾನು ಪ್ರತಿ ಮನೆಯಲ್ಲೂ ಹೇಳುತ್ತೇನೆ.

ಹಂತ 5: "ಯಾಕೆ ಹೀಗೆ?" ಎಂದು ಮೂರು ಸಲ ಕೇಳಿ

ಚೆಂದ ಕಂಡದ್ದರ ಹಿಂದೆ ಸಾಮಾನ್ಯವಾಗಿ ಒಂದು ತೊಂದರೆ ಇರುತ್ತದೆ. ಬಿಸಿಲು, ಮಳೆ, ಧೂಳು, ಕಳ್ಳರು, ಜಾಗದ ಕೊರತೆ, ದುಡ್ಡಿನ ಕೊರತೆ. ಆ ತೊಂದರೆಗೆ ಯಾರೋ ಕಂಡುಕೊಂಡ ಉಪಾಯವೇ ನಿಮ್ಮ ಕಣ್ಣಿಗೆ ಆಕಾರವಾಗಿ ಕಾಣುವುದು.

ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅದರ ಮಂಟಪದ ಹೊರಗಂಬಗಳ ನಡುವೆ ಕಲ್ಲಿನ ಜಾಲಂಧ್ರಗಳಿವೆ, ಅಂದರೆ ತೂತು ತೂತಾಗಿ ಕೊರೆದ ಕಲ್ಲಿನ ಕಿಟಕಿಗಳು. ಅವು ಮೊದಲಿನಿಂದ ಇದ್ದವಲ್ಲ. ತೆರೆದೇ ಇದ್ದ ಮಂಟಪಕ್ಕೆ ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ಕಾಲದಲ್ಲಿ ಅವನ್ನು ಸೇರಿಸಿದರು. ಒಳಗೆ ನಿಂತು ನೋಡಿ. ಹೊರಗಿನ ಬಿಸಿಲು ಚೂರು ಚೂರಾಗಿ ನೆಲಕ್ಕೆ ಬೀಳುತ್ತದೆ, ಗಾಳಿ ಆಡುತ್ತದೆ, ಒಳಗಿನ ನಸುಗತ್ತಲು ಕದಡುವುದಿಲ್ಲ. ಈಗ ನಿಮ್ಮ ಬೀದಿಗೆ ಬನ್ನಿ. ನಲವತ್ತು ಐವತ್ತು ವರ್ಷ ಹಿಂದಿನ ಮನೆಗಳ ಮೆಟ್ಟಿಲ ಹತ್ತಿರ, ಬಚ್ಚಲ ಮೇಲೆ, ಟೆರೇಸಿನ ಗೋಡೆಯಲ್ಲಿ ಸಿಮೆಂಟ್ ಜಾಲಿ ಕಾಣುತ್ತದೆ: ಹೂವು, ವಜ್ರ, ಒಂದರೊಳಗೊಂದು ಹೊಕ್ಕ ವೃತ್ತ. ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಸಾಮಾನು. ಮಾಡುವ ಕೆಲಸ ಮಾತ್ರ ಬೇಲೂರಿನ ಜಾಲಂಧ್ರದ್ದೇ. ನನಗೆ ಆ ಸಿಮೆಂಟ್ ಜಾಲಿಗಳ ಮೇಲೆ ತುಂಬ ಅಕ್ಕರೆ. ಮನೆ ಒಡೆಯುವಾಗ ಅವನ್ನು ಕಲ್ಲುಮಣ್ಣಿನ ಜತೆ ಲಾರಿಗೆ ತುಂಬುವುದನ್ನು ನೋಡಿದರೆ ಸಂಕಟವಾಗುತ್ತದೆ. ನಿಮ್ಮ ಬೀದಿಯಲ್ಲಿ ಎಷ್ಟು ಬಗೆಯವು ಉಳಿದಿವೆ ಎಂದು ಈ ತಿಂಗಳೇ ಎಣಿಸಿ, ಬರೆದಿಟ್ಟುಕೊಳ್ಳಿ.

ಕರಾವಳಿ, ಮಲೆನಾಡಿನ ಹೆಂಚಿನ ಮಾಡನ್ನೂ ಹೀಗೆಯೇ ಕೇಳಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು ಅಲ್ಲಿ ಒಳ್ಳೆಯ ಜೇಡಿಮಣ್ಣು ಇತ್ತು, ನೇತ್ರಾವತಿ ಹರಿಯುತ್ತಿತ್ತು, ಸುಡಲು ಸೌದೆ ಸಿಗುತ್ತಿತ್ತು ಎಂಬ ಕಾರಣಕ್ಕೆ. ಒಂದರೊಳಗೊಂದು ಕೊಂಡಿಯಂತೆ ಕೂರುವ ಹೆಂಚು ಜೋರು ಮಳೆಯನ್ನು ಹೊರಗೇ ಜಾರಿಸುತ್ತದೆ, ಸಂದುಗಳಿಂದ ಬಿಸಿಗಾಳಿಯನ್ನು ಹೊರಗೆ ಬಿಡುತ್ತದೆ. ನಡುವೆ ಒಂದು ಗಾಜಿನ ಹೆಂಚು ಇಟ್ಟರೆ ಕತ್ತಲ ಕೋಣೆಗೆ ಬೆಳಕಿನ ಒಂದು ಬಿಲ್ಲೆ ಬೀಳುತ್ತದೆ. ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಆ ಬಿಲ್ಲೆ ಒರಳುಕಲ್ಲಿನ ಹತ್ತಿರ ಬಂದರೆ ಅನ್ನಕ್ಕೆ ಎಸರಿಡುವ ಹೊತ್ತು. ಬೆಳಕು ನೆಲದ ಮೇಲೆ ನಡೆಯುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿ, ಕಾಲೇಜಿನಲ್ಲಿ ಅಲ್ಲ.

ಬಿಸಿಲಿನ ಬಗ್ಗೆ ಒಂದು ಮಾತು. "ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ" ಎಂಬ ಮಾತನ್ನು ಹಾಗೇ ನಂಬಬೇಡಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಬೀದರಿನಲ್ಲಿ ಈ ಅವಧಿ ಚಿಕ್ಕದು. ಹಾಗಾಗಿ ನೆರಳಿನ ಟಿಪ್ಪಣಿ ಬರೆಯುವಾಗ ಊರು, ತಿಂಗಳು, ಗಂಟೆ, ಮೂರನ್ನೂ ಬರೆಯಿರಿ.

ಹಂತ 6: ಮೂರು ಫೋಟೊ, ಒಂದು ಬಿಳಿ ಹಾಳೆ

ಈಗ ಫೋನ್ ತೆಗೆಯಿರಿ. ಒಂದು ವಿಷಯಕ್ಕೆ ಮೂರೇ ಚಿತ್ರ: ದೂರದಿಂದ ಒಂದು, ಹತ್ತಡಿ ದೂರದಿಂದ ಒಂದು, ಅಂಗೈಯಗಲ ಜಾಗದ್ದು ಒಂದು. ಮೂರನೆಯದರಲ್ಲಿ ನಿಮ್ಮ ಕೈ ಕೂಡ ಇರಲಿ, ಅಳತೆ ಮರೆಯುವುದಿಲ್ಲ. ಎರಡು ವಸ್ತು ಸೇರುವ ಜಾಗವನ್ನು ತಪ್ಪದೆ ತೆಗೆಯಿರಿ: ಕಂಬ ನೆಲಕ್ಕೆ ಮುಟ್ಟುವಲ್ಲಿ, ಗಾರೆ ನೆಲ ಗೋಡೆಗೆ ಸೇರುವಲ್ಲಿ, ಮರ ಕಲ್ಲಿನ ಮೇಲೆ ಕೂರುವಲ್ಲಿ. ಕಟ್ಟಿದವರ ಜಾಣ್ಮೆ ಕಾಣುವುದು ಈ ಸಂಧಿಗಳಲ್ಲಿ. ಮರದ ಕಂಬದ ಬುಡಕ್ಕೆ ಕಲ್ಲು ಯಾಕೆ ಇಟ್ಟರು ಎಂದು ಗೆದ್ದಲು ಹಿಡಿದ ಮನೆ ನೋಡಿದವರಿಗೆ ಹೇಳಬೇಕಾಗಿಲ್ಲ.

ಬಣ್ಣ ಬೇಕಾದರೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿ. ಗೋಪುರದಂತೆ ಗುಡ್ಡೆ ಹಾಕಿದ ಕುಂಕುಮ, ರಂಗೋಲಿ ಪುಡಿ, ಚೆಂಡುಹೂವಿನ ರಾಶಿ, ಪಕ್ಕದಲ್ಲೇ ವೀಳ್ಯದೆಲೆಯ ಹಸಿರು. ಅಲ್ಲಿ ಆಗುವ ತಪ್ಪು ಒಂದಿದೆ: ಎಲ್ಲ ಬಣ್ಣವೂ ಮನಸ್ಸಿಗೆ ಹಿಡಿಸಿ, ಎಲ್ಲವನ್ನೂ ಒಂದೇ ಕೋಣೆಗೆ ತರುವುದು. ಚೀಲದಲ್ಲಿರುವ ಬಿಳಿ ಹಾಳೆಯನ್ನು ಬಣ್ಣದ ಪಕ್ಕ ಹಿಡಿದು ಚಿತ್ರ ತೆಗೆಯಿರಿ. ತಗಡಿನ ಮಾಡಿನ ಕೆಳಗಿನ ಬೆಳಕು, ಬಲ್ಬಿನ ಬೆಳಕು ಬಣ್ಣವನ್ನು ಎಷ್ಟು ತಿರುಚಿವೆ ಎಂಬುದು ಆ ಹಾಳೆಯ ಬಿಳುಪು ನೋಡಿದರೆ ಗೊತ್ತಾಗುತ್ತದೆ, ಮನೆಗೆ ಬಂದು ಸರಿಪಡಿಸಿಕೊಳ್ಳಬಹುದು.

ಬಣ್ಣದ ಹೆಸರಿಗಿಂತ ಪಾಲು ಮುಖ್ಯ. ನೋಟ್‌ಬುಕ್ಕಿನಲ್ಲಿ ಹತ್ತು ಚೌಕದ ಒಂದು ಪಟ್ಟಿ ಎಳೆಯಿರಿ. ಕಣ್ಣು ಕಿರಿದು ಮಾಡಿ ನೋಡಿ, ಯಾವ ಬಣ್ಣ ಎಷ್ಟು ಚೌಕ ತುಂಬುತ್ತದೆಂದು ಗುರುತು ಹಾಕಿ. ಹೂವಿನ ಅಂಗಡಿಯಲ್ಲಿ ಕಿತ್ತಳೆ ನಾವು ಅಂದುಕೊಂಡಷ್ಟು ಇರುವುದಿಲ್ಲ, ಸುತ್ತಲಿನ ಗೋಣಿಯ ಕಂದು, ನೆಲದ ಬೂದು ಸೇರಿ ಅದನ್ನು ಎತ್ತಿ ತೋರಿಸುತ್ತವೆ. ಇಳಕಲ್ ಸೀರೆಯೂ ಹಾಗೇ. ಒಡಲು ಗಾಢ, ಸೆರಗು ಕೆಂಪು, ಆ ಕೆಂಪಿನ ಮೇಲೆ ತೋಪು ತೆನೆ ಎಂಬ ವಿನ್ಯಾಸದ ಬಿಳಿ ಬರೀ ಒಂದಿಷ್ಟು. ಆ ಪಾಲನ್ನು ಪಟ್ಟಿಗೆ ಇಳಿಸಿದರೆ ಒಂದು ಕೋಣೆಯ ಬಣ್ಣದ ಲೆಕ್ಕ ಸಿದ್ಧ.

ಹಂತ 7: ಗೆರೆಗೆ ಇಳಿಸಿ, ಆಮೇಲೆ ಗೆರೆ ಕಡಿಮೆ ಮಾಡಿ

ಚಿತ್ರ ಬರೆಯಲು ಬರುವುದಿಲ್ಲ ಎನ್ನುವವರಿಗೆ ಒಂದು ಅಭ್ಯಾಸ. ಸೋಮನಾಥಪುರದ ಕೇಶವ ದೇವಾಲಯದ (1258) ಗರ್ಭಗೃಹಗಳ ತಳವಿನ್ಯಾಸ ಹದಿನಾರು ಮೂಲೆಯ ನಕ್ಷತ್ರ. ಅದನ್ನು ಮನೆಯಲ್ಲೇ ಮಾಡಿ ನೋಡಬಹುದು. ಹಳೆಯ ಲಗ್ನಪತ್ರಿಕೆಯ ರಟ್ಟಿನಿಂದ ಒಂದೇ ಅಳತೆಯ ನಾಲ್ಕು ಚೌಕ ಕತ್ತರಿಸಿ. ನಾಲ್ಕರ ನಡುವೆಯೂ ಗುಂಡುಸೂಜಿ ಚುಚ್ಚಿ. ಒಂದು ಕಾಗದದ ಮೂಲೆಯನ್ನು ಎರಡು ಸಲ ಮಡಿಸಿದರೆ 90 ಡಿಗ್ರಿ 45 ಆಗಿ, 45 ಇಪ್ಪತ್ತೆರಡೂವರೆ ಆಗುತ್ತದೆ. ಆ ಮಡಿಕೆಯನ್ನು ಅಳತೆಯಾಗಿ ಇಟ್ಟುಕೊಂಡು ಒಂದೊಂದು ಚೌಕವನ್ನೂ ಹಿಂದಿನದಕ್ಕಿಂತ ಅಷ್ಟಷ್ಟೇ ತಿರುಗಿಸಿ. ಹದಿನಾರು ಮೂಲೆ ಎದ್ದು ಬರುತ್ತದೆ. ಹೊರಗೆರೆ ಎಳೆದುಕೊಂಡು, ಅದರ ಗುಂಟ ಕಾಗದದ ಪಟ್ಟಿಯೊಂದನ್ನು ಮಡಿಸಿ ನಿಲ್ಲಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ: ಒಂದೊಂದು ಮಡಿಕೆಗೂ ಒಂದೊಂದು ಹದದ ನೆರಳು. ದೇವಾಲಯದ ಹೊರಗೋಡೆ ಹಗಲಿಡೀ ಬೇರೆ ಬೇರೆಯಾಗಿ ಕಾಣುವುದರ ಗುಟ್ಟು ಇಲ್ಲಿದೆ. ದೀಪದ ಶೇಡು, ಟೈಲಿನ ವಿನ್ಯಾಸ, ಸಂಸ್ಥೆಯ ಲಾಂಛನ, ಯಾವುದಕ್ಕೂ ಇದು ಬೀಜವಾಗಬಲ್ಲದು.

ರಂಗೋಲಿ ಹಾಕಿ ಬೆಳೆದವರಿಗೆ ಇನ್ನೂ ಸುಲಭ. 13ರಿಂದ 7ರವರೆಗೆ, ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವಂತೆ ಇಳಿಸಿಕೊಂಡು ಹೋದರೆ ಷಟ್ಕೋನದ ಜಾಲ ಸಿಗುತ್ತದೆ. ಬೀದಿಯಲ್ಲಿ ಕಂಡ ಗ್ರಿಲ್ಲು, ಜಾಲಿ, ಬುಟ್ಟಿಯ ಹೆಣಿಗೆ ಯಾವುದನ್ನಾದರೂ ಆ ಚುಕ್ಕಿಗಳ ಮೇಲೆ ಕೂರಿಸಿ. ಕೂರದ ಗೆರೆಗಳನ್ನು ಬಿಟ್ಟುಬಿಡಿ. ಕಸೂತಿಯ ಸೂಜಿ ಮಾಡಿದ್ದು ಇದನ್ನೇ. ಅದೇ ಚಿತ್ರವನ್ನು ಮೂರು ಸಲ ಬರೆಯಿರಿ, ಪ್ರತಿ ಸಲವೂ ಗೆರೆಗಳನ್ನು ಅರ್ಧಕ್ಕೆ ಇಳಿಸಿ. ಮೂರನೆಯದರಲ್ಲೂ ಮೂಲ ಗುರುತು ಸಿಕ್ಕಿದರೆ ನಿಮಗೆ ಬೇಕಾದ್ದು ದಕ್ಕಿದೆ.

ಹಂತ 8: ಜಾಗದ ಗುಣವನ್ನು ತನ್ನಿ, ಜಾಗವನ್ನಲ್ಲ

ಎಡವುವುದು ಹೆಚ್ಚಾಗಿ ಇಲ್ಲೇ. ನಾನೂ ಎಡವಿದ್ದೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಕುಟುಂಬ ತಮ್ಮ ಎರಡು ಬೆಡ್‌ರೂಮಿನ ಫ್ಲಾಟಿಗೆ ತೊಟ್ಟಿಮನೆಯ ಕಳೆ ಬೇಕೆಂದಿತು. ನಾನು ಹಳೆಯ ಮನೆಯ ಎರಡು ಮರದ ಕಂಬ ಹುಡುಕಿ ತಂದು ಹಾಲಿನಲ್ಲಿ ನಿಲ್ಲಿಸಿದೆ. ಕೆತ್ತನೆ ಬಹಳ ಚೆನ್ನಾಗಿತ್ತು. ಆದರೆ ಆ ಕಂಬ ಏನನ್ನೂ ಹೊರುತ್ತಿರಲಿಲ್ಲ, ಓಡಾಡುವ ದಾರಿಗೆ ಅಡ್ಡ ಬರುತ್ತಿತ್ತು, ಮಕ್ಕಳು ಡಿಕ್ಕಿ ಹೊಡೆಯುತ್ತಿದ್ದರು. ಅವರ ಮುಖದಲ್ಲಿ ನಾನು ಕಂಡ ಸಂಕೋಚ ಇಂದಿಗೂ ನೆನಪಿದೆ, ಚೆಂದ ಇದೆ ಎನ್ನುತ್ತಲೇ ಪಕ್ಕಕ್ಕೆ ಸರಿದು ನಡೆಯುತ್ತಿದ್ದರು. ಮುಂದೆ ಅವರೊಂದಿಗೆ ಮತ್ತೆ ಕೂತು ಮಾತಾಡಿದೆ. ತೊಟ್ಟಿಮನೆಯಲ್ಲಿ ನಿಮಗೆ ಇಷ್ಟವಾದದ್ದು ಏನು ಎಂದು ಕೇಳಿದಾಗ ಕಂಬದ ಮಾತೇ ಬರಲಿಲ್ಲ. ಮನೆಯ ಹಿರಿಯರು ಹೇಳಿದ್ದು: ಯಾರು ಎಲ್ಲಿದ್ದರೂ ತೊಟ್ಟಿಯ ಆಚೆಯಿಂದ ಕಾಣುತ್ತಿದ್ದರು. ಮನೆಯೊಡತಿ ಹೇಳಿದ್ದು: ಬಂದವರು ಚಪ್ಪಲಿ ಬಿಟ್ಟು ಜಗಲಿಯಲ್ಲಿ ಒಂದು ಗಳಿಗೆ ಕೂರುತ್ತಿದ್ದರು.

ಕಂಬ ತೆಗೆದೆವು. ಅಡುಗೆಮನೆ ಮತ್ತು ಹಾಲಿನ ನಡುವಿನ ಗೋಡೆ ಭಾರ ಹೊರುವುದಲ್ಲ ಎಂದು ಎಂಜಿನಿಯರ್ ನೋಡಿ ಖಚಿತಪಡಿಸಿದ ಮೇಲೆ, ಅದರಲ್ಲಿ ನಿಂತವರ ಕಣ್ಣೆತ್ತರಕ್ಕೆ ಅಗಲವಾದ ಕಿಂಡಿ ತೆರೆದೆವು. ಬಾಗಿಲ ಪಕ್ಕ ಐದಡಿ ಉದ್ದ, ಹದಿನೇಳು ಇಂಚು ಎತ್ತರದ ಒಂದು ಕಟ್ಟೆ. ಮೂರನೇ ಮಹಡಿಯಾದ್ದರಿಂದ ಇಟ್ಟಿಗೆ ಕಟ್ಟಲಿಲ್ಲ, ಕಬ್ಬಿಣದ ಚೌಕಟ್ಟಿನ ಮೇಲೆ ಕಡಪ ಕಲ್ಲು ಕೂರಿಸಿದೆವು. ಕೆಳಗೆ ಚಪ್ಪಲಿ, ಬೆನ್ನಿಗೆ ಗೋಡೆ, ಪಕ್ಕದಲ್ಲಿ ದೀಪಕ್ಕೊಂದು ಗೂಡು. ಈಗ ಆ ಮನೆಯಲ್ಲಿ ಹಾಲು ಹಾಕುವವರಿಂದ ಹಿಡಿದು ಪಕ್ಕದ ಮನೆಯ ಅಜ್ಜಿಯವರೆಗೆ ಎಲ್ಲರೂ ಅಲ್ಲಿ ಕೂರುತ್ತಾರೆ.

ಇದನ್ನೇ ದೊಡ್ಡ ಮಟ್ಟದಲ್ಲಿ ನೋಡಬೇಕೆಂದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಇದೆ. ವಾಸ್ತುಶಿಲ್ಪಿ ಬಿ.ವಿ. ದೋಶಿ ಅದಕ್ಕೆ ಅಕ್ಬರ್ ಕಟ್ಟಿಸಿದ ಫತೇಪುರ್ ಸಿಕ್ರಿ ನಗರದಿಂದ ಸ್ಫೂರ್ತಿ ಪಡೆದರು. ಆದರೆ ಅಲ್ಲಿ ಮೊಘಲರ ಕೆಂಪುಗಲ್ಲೂ ಇಲ್ಲ, ಗುಮ್ಮಟವೂ ಇಲ್ಲ. ಅಂಗಳದಿಂದ ಅಂಗಳಕ್ಕೆ ಸಾಗುವ ನಡಿಗೆಯನ್ನು ತಂದರು, ಬೆಂಗಳೂರಿನ ಬೂದು ಕಲ್ಲಿನಲ್ಲಿ ಕಟ್ಟಿದರು, ಉದ್ದನೆಯ ಓಣಿಗಳ ನೆತ್ತಿಯನ್ನು ಅಲ್ಲಲ್ಲಿ ತೆರೆದು ಈ ಊರಿನ ಬೆಳಕು, ಬಳ್ಳಿ, ಮಳೆ ಒಳಗೆ ಬರಲು ಬಿಟ್ಟರು. ದೋಶಿಯವರಿಗೆ 2018ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವೆನಿಸಿದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು.

ನೀವು ಮಾಡುವಾಗ ಒಂದು ವಾಕ್ಯ ತುಂಬಿಸಿಕೊಳ್ಳಿ: "ಇಂಥ ಜಾಗದಲ್ಲಿ, ಇಂಥ ಅಳತೆಯಿಂದ, ಇಂಥ ಕೆಲಸ ಸಲೀಸಾಗಿತ್ತು. ನನ್ನ ಜಾಗದಲ್ಲಿ ಅದೇ ಕೆಲಸಕ್ಕೆ ನನ್ನ ಬಳಿ ಇರುವ ಸಾಮಗ್ರಿ ಇದು." ವಾಕ್ಯದ ಎರಡನೇ ಅರ್ಧ ಖಾಲಿ ಉಳಿದರೆ ಇನ್ನೂ ಕೊಳ್ಳಲು ಹೋಗಬೇಡಿ.

ಹಂತ 9: ಕಟ್ಟಿದವರನ್ನು, ಕಟ್ಟುವವರನ್ನು ಕೇಳಿ

ರೆಡ್ ಆಕ್ಸೈಡ್ ನೆಲ ಯಾಕೆ ಬಿರುಕು ಬಿಡುತ್ತದೆ ಎಂಬುದು ಹಳೆಯ ಗಾರೆ ಮೇಸ್ತ್ರಿಗೆ ಗೊತ್ತು. ಬಾಗಿಲುವಾಡದ ಮರ ಮಳೆಗಾಲದಲ್ಲಿ ಎಷ್ಟು ಉಬ್ಬುತ್ತದೆ ಎಂಬುದು ಬಡಗಿಗೆ ಗೊತ್ತು. ಅವರ ಕೆಲಸದ ನಡುವೆ ಅಡ್ಡ ಹೋಗದೆ, ಟೀ ಹೊತ್ತಿಗೆ ಹೋಗಿ ಕೇಳಿ. ಬೇರೆಯವರ ಮನೆ, ಅಂಗಡಿ, ಪೂಜಾಸ್ಥಳದ ಚಿತ್ರ ತೆಗೆಯುವ ಮುನ್ನ ಒಂದು ಮಾತು ಕೇಳುವುದು ಸಭ್ಯತೆ. ಜನರ ಮುಖ ಬರುವುದಾದರೆ ಕೇಳಲೇಬೇಕು.

ಕಸೂತಿ, ಇಳಕಲ್ ಸೀರೆ, ಬಿದರಿ, ಚನ್ನಪಟ್ಟಣದ ಬೊಂಬೆ ಇವಕ್ಕೆಲ್ಲ ಜಿಐ, ಅಂದರೆ ಇಂಥ ಪ್ರದೇಶದ್ದೇ ಎಂದು ಗುರುತಿಸುವ ಮಾನ್ಯತೆ ಇದೆ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ, ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ನಿಮ್ಮ ಗೋಡೆಗೆ ಅದೇ ಬೇಕೆನಿಸಿದರೆ ಸ್ಟಿಕ್ಕರ್ ಅಂಟಿಸಬೇಡಿ. ಬರೆಯುವವರನ್ನೇ ಕರೆಸಿ, ಅವರು ಹೇಳಿದ ಕೂಲಿ ಕೊಡಿ, ಹೆಸರು ಹಾಕಿ.

ಹಂತ 10: ಸಿಕ್ಕದ್ದನ್ನು ಮತ್ತೆ ಸಿಗುವ ಹಾಗೆ ಇಡಿ

ಊರಿನ ಹೆಸರಿನಲ್ಲಿ ಕಡತ ಮಾಡಿದರೆ ಬೇಕಾದಾಗ ಸಿಗುವುದಿಲ್ಲ. "ಮೈಸೂರು ಪ್ರವಾಸ" ಎಂಬ ಫೋಲ್ಡರನ್ನು ಯಾರೂ ಎರಡನೇ ಸಲ ತೆರೆಯುವುದಿಲ್ಲ. ನಾನು ಕೆಲಸದ ಹೆಸರಿನಲ್ಲಿ ಇಡುತ್ತೇನೆ: ಕೂರುವುದು, ಒರಗುವುದು, ಇಳಿಯುವುದು, ಒಣಗಿಸುವುದು, ಬಚ್ಚಿಡುವುದು, ಕಾಯುವುದು, ಬೀಳ್ಕೊಡುವುದು. ಆಸ್ಪತ್ರೆಯ ಹೊರಗಿನ ಕಲ್ಲುಬೆಂಚು, ರೈಲು ನಿಲ್ದಾಣದ ಕಂಬದ ಸುತ್ತಲಿನ ಕಟ್ಟೆ, ದೇವಸ್ಥಾನದ ಮಂಟಪದಂಚಿನ ಒರಗುವ ಕಲ್ಲುಕಟ್ಟೆ (ಕಕ್ಷಾಸನ), ಮೂರೂ ನನ್ನಲ್ಲಿ "ಕಾಯುವುದು" ಎಂಬ ಒಂದೇ ಕಡತದಲ್ಲಿವೆ. ಒಂದು ಕ್ಲಿನಿಕ್ಕಿನ ಕೆಲಸ ಬಂದಾಗ ಅವು ಮೂರೂ ಒಟ್ಟಿಗೆ ಎದುರಿಗೆ ಬಂದವು. ಪ್ರತಿ ಪುಟದಲ್ಲಿ ಒಂದು ಅಳತೆ, ಒಂದು ಕಾರಣ, ಒಂದು ಗೆರೆಚಿತ್ರ ಇದ್ದರೆ ಸಾಕು. ಈ ಮೂರೂ ಇಲ್ಲದ ಚಿತ್ರಗಳನ್ನು ತಿಂಗಳ ಕೊನೆಗೆ ಅಳಿಸಿಬಿಡಿ.

ಮೊದಲ ಪುಟಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ನಾಳೆ ಬೆಳಗ್ಗೆ ನಿಮ್ಮ ಮನೆಯ ಹೊಸ್ತಿಲ ಹತ್ತಿರ ಕೂತು ಅದರ ಎತ್ತರ, ಅಗಲ ಅಳೆಯಿರಿ. ಯಾವ ಭಾಗ ಹೆಚ್ಚು ಸವೆದಿದೆ ನೋಡಿ, ಒಳಗೆ ಬರುವವರು ಯಾವ ಕಾಲು ಮೊದಲು ಇಡುತ್ತಾರೆ, ಕೈ ಎಲ್ಲಿ ಹಿಡಿಯುತ್ತಾರೆ, ಚಪ್ಪಲಿ ಎತ್ತ ಮುಖ ಮಾಡಿ ಬಿಡುತ್ತಾರೆ ಎಂದು ಬರೆಯಿರಿ. ಪುಟದ ಮೇಲೆ "ಒಳಗೆ ಬರುವುದು" ಎಂದು ಹೆಸರು ಹಾಕಿ.